ತೆಂಕಕ್ಕೆ ನಾರು, ಬಡಗಕ್ಕೆ ಮಲ್ಲಿಗೆ

ಏಳನೇ ತಿಂಗಳು ಹಿಡಿದಾಗ ನನ್ನ ಮಗಳು ತವರಿನಿಂದ ಕೇಳಿದ್ದು ಒಂದೇ. ಸೀರೆ ಕೇಳಲಿಲ್ಲ, ಬಳೆ ಕೇಳಲಿಲ್ಲ. ಗಂಡನ ಮನೆ ಕುಮಟೆಯಿಂದ ಫೋನು ಮಾಡಿ, "ಅಪ್ಪಾ, ಹೂ ಮುಡ್ಸೂ ದಿವ್ಸ ನಂಗೆ ಭಟ್ಕಳದ ಅತ್ತೆ ಕಟ್ಟಿದ ಮಲ್ಲಿಗೆನೇ ಆಗ್ಬೇಕು. ಪ್ಯಾಟೆ ಹೂ ತರ್ಸೂದಾದ್ರೆ ನಾ ಬರೂದೇ ಇಲ್ಲ" ಎಂದಳು.

"ಆತು, ಅದಕ್ಕೆಂತ" ಎಂದುಬಿಟ್ಟೆ.

ಬಸುರಿ ಮಗಳನ್ನು ತವರಿಗೆ ಕರೆದು, ಕೂರಿಸಿ, ಜಡೆ ತುಂಬ ಹೂ ಮುಡಿಸುವುದು ನಮ್ಮ ಕಡೆಯ ಪದ್ಧತಿ. ಆ ಹೊತ್ತಿನಲ್ಲಿ ಬಸುರಿ ಕೇಳಿದ್ದಕ್ಕೆ ಇಲ್ಲ ಎನ್ನುವವರಿಲ್ಲ. ಆದರೆ ಫೋನು ಕೆಳಗಿಟ್ಟ ಮೇಲೆ, ಒಪ್ಪಿಕೊಂಡದ್ದು ಸುಲಭದ್ದಲ್ಲ ಎಂದು ಹೊಳೆಯಿತು. ಯಾಕೆಂದರೆ ಭಟ್ಕಳದಲ್ಲಿರುವ ನನ್ನ ಅಕ್ಕ ಹೂ ಕಟ್ಟುವುದನ್ನು ಬಿಟ್ಟು ಹತ್ತು ವರ್ಷವಾಗಿತ್ತು. ಅವಳ ಅಂಗಳದಲ್ಲಿ ಹನ್ನೆರಡು ಮಲ್ಲಿಗೆ ಗಿಡಗಳು ಈಗಲೂ ಇವೆ, ಹೂ ಬಿಡುತ್ತವೆ. ಅವಳು ಮೊಗ್ಗು ಕೊಯ್ದು ಬಿಡಿಬಿಡಿಯಾಗಿ ಬಸ್‌ಸ್ಟ್ಯಾಂಡಿನ ಹೂವಿನಂಗಡಿಗೆ ಕೊಟ್ಟುಬಿಡುತ್ತಾಳೆ. ಒಂದು ಮೊಳ ಕಟ್ಟಿಕೊಡೆಂದು ಯಾರು ಕೇಳಿದರೂ "ನಂಗೆ ಮರ್ತ್ಹೋಗ್ಯದೆ" ಎನ್ನುತ್ತಾಳೆ. ಅದು ಸುಳ್ಳು. ನನ್ನ ಹೆಂಡತಿ ತೀರಿಕೊಂಡ ದಿನದಿಂದ ಅವಳು ಕಟ್ಟಿಲ್ಲ. ಯಾಕೆ ಕಟ್ಟಿಲ್ಲ ಎಂಬುದರಲ್ಲಿ ಅರ್ಧ ನನಗೆ ಗೊತ್ತಿತ್ತು. ಉಳಿದರ್ಧ ನಮ್ಮ ಮನೆಯ ಅಟ್ಟದ ಮೇಲಿತ್ತು. ಅಲ್ಲಿದೆಯೆಂದು ಮಾತ್ರ ಗೊತ್ತಿರಲಿಲ್ಲ.

ಇದನ್ನು ಮೊದಲಿನಿಂದ ಹೇಳಬೇಕು. ನಮ್ಮಜ್ಜಿ ಏನನ್ನೇ ಹೇಳಲು ಹೊರಟರೂ ಬಾವಿಕಟ್ಟೆಯಿಂದ ಶುರು ಮಾಡಿ ಅಡುಗೆಮನೆಗೆ ಬರುತ್ತಿದ್ದಳು. ಅವಳ ಬಾಯಿಯಿಂದ ಮಾತು ಕಲಿತವನು ನಾನು. ನನಗೂ ನೇರವಾಗಿ ಒಳಗೆ ನುಗ್ಗಲು ಬರುವುದಿಲ್ಲ.

ನಾನು ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದೆ. ಅದರಲ್ಲಿ ಹೆಚ್ಚು ಕಾಲ ಕುಮಟೆ, ಹೊನ್ನಾವರ, ಭಟ್ಕಳದ ರೂಟು. ಬೆಳಿಗ್ಗೆ ಕುಮಟೆ ಬಿಟ್ಟು ತೆಂಕಕ್ಕೆ ಹೋಗುವುದು, ಮಧ್ಯಾಹ್ನ ಬಡಗಕ್ಕೆ ತಿರುಗುವುದು. ನಮ್ಮ ಮನೆ ಹಳದೀಪುರದಲ್ಲಿ, ಹೆದ್ದಾರಿಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಜನ ಟಿಕೆಟ್ ತೆಗೆಸಿ ಬಸ್ಸಿನಲ್ಲಿ ಹೋಗುತ್ತಿದ್ದರು. ಅವರ ಪ್ರೀತಿ ಮಾತ್ರ ಟಿಕೆಟ್ ಇಲ್ಲದೆ ನನ್ನ ಸೀಟಿನ ಕೆಳಗೆ ಹೋಗುತ್ತಿತ್ತು. ಉತ್ಪ್ರೇಕ್ಷೆಯಲ್ಲ. ಮಿರ್ಜಾನದ ಒಬ್ಬ ಅಜ್ಜ ಅಡಿಕೆ ಹಾಳೆಯ ಪುಟ್ಟ ಟೊಪ್ಪಿ ಹೊಲಿದು ಹೊನ್ನಾವರದ ಮೊಮ್ಮಗಳಿಗೆ ಕಳಿಸುತ್ತಿದ್ದ. ಮಗು ಬೆಳೆದ ಹಾಗೆ ಟೊಪ್ಪಿಯೂ ದೊಡ್ಡದಾಗುತ್ತಿತ್ತು. ಮಗುವಿನ ತಲೆಯನ್ನು ಅವನು ಅಳೆದದ್ದು ಯಾವಾಗ ಎಂಬುದು ನನಗೆ ಇವತ್ತಿಗೂ ಒಗಟು. ಬಾಡದ ಒಬ್ಬಾಕೆ ಬೇಸಿಗೆ ಹತ್ತಿರ ಬಂತೆಂದರೆ ಲಾವಂಚದ ಬೇರು ಹೆಣೆದು, ಅಂಚಿಗೆ ಕೆಂಪು ಬಟ್ಟೆ ಹೊಲಿದು, ಬೀಸಣಿಗೆ ಮಾಡಿ ಭಟ್ಕಳದ ಗೆಳತಿಗೆ ಕೊಡುತ್ತಿದ್ದಳು. ಆ ಗೆಳತಿ ಬುರ್ಖಾ ಹಾಕಿಕೊಂಡು ಬಸ್ಸಿನ ಹತ್ತಿರ ಬಂದು ಬೀಸಣಿಗೆ ಇಸಕೊಂಡು, ತಾನು ಹೆಣೆದ ಕೂಸಿನ ಕುಲಾವಿ ನನ್ನ ಕೈಯಲ್ಲಿಡುತ್ತಿದ್ದಳು. ಯಾವ ಕಟ್ಟಿನ ಮೇಲೂ ಹೆಸರಿಲ್ಲ, ವಿಳಾಸವಿಲ್ಲ. ಗಂಟು ನೋಡಿದರೆ ಸಾಕು, ಕಳಿಸಿದವರು ಯಾರು, ಇಳಿಸಿಕೊಳ್ಳುವವರು ಯಾರು ಎಂದು ತಿಳಿಯುತ್ತಿತ್ತು. ಡ್ರೈವರ್ರು ತಮಾಷೆ ಮಾಡುತ್ತಿದ್ದರು: "ನಿಮ್ಗೆ ಟಪಾಲಾಪೀಸ್ನೋರು ಪೆನ್ಶನ್ ಕೊಡ್ಬೇಕು ನೋಡಿ."

ಈ ಎಲ್ಲ ಕಟ್ಟುಗಳ ನಡುವೆ ನನ್ನ ಮನೆಯದೂ ಒಂದಿತ್ತು. ಅಕ್ಕನ ಅಂಗಳದಲ್ಲಿ ಮಲ್ಲಿಗೆ ಇತ್ತು, ಬಾಳೆಗೆ ಜಾಗವಿರಲಿಲ್ಲ. ನಮ್ಮ ಹಿತ್ತಲಲ್ಲಿ ಬಾಳೆ ಹಿಂಡುಹಿಂಡಾಗಿತ್ತು, ಮಲ್ಲಿಗೆ ಎಷ್ಟು ಸಲ ನೆಟ್ಟರೂ ಹತ್ತುತ್ತಿರಲಿಲ್ಲ. ಹಾಗಾಗಿ ನನ್ನ ಹೆಂಡತಿ ಬಾಳೆನಾರು ಮಾಡಿ ಕಳಿಸುವುದು, ಅಕ್ಕ ಅದರಲ್ಲಿ ಮಲ್ಲಿಗೆ ಕಟ್ಟಿ ಕಳಿಸುವುದು ಎಂದಾಯಿತು. ಬೆಳಿಗ್ಗೆ ನಮ್ಮ ಬಸ್ಸು ಹಳದೀಪುರಕ್ಕೆ ಬರುವಾಗ ಅವಳು ರಸ್ತೆಬದಿಯಲ್ಲಿ ನಿಂತಿರುತ್ತಿದ್ದಳು. ಎಂಟು ದಿನಕ್ಕೊಮ್ಮೆ ಕೈಯಲ್ಲಿ ನಾರಿನ ಸುರುಳಿ. ಮಧ್ಯಾಹ್ನ ತಿರುಗಿ ಬರುವಾಗಲೂ ಅಲ್ಲೇ. ಆಗ ನಾನು ಕಿಟಕಿಯಿಂದ ಬಾಳೆಲೆಯ ಪೊಟ್ಟಣ ಕೊಡುತ್ತಿದ್ದೆ. ಅವಳು ನನ್ನ ಮುಖ ನೋಡುವ ಮೊದಲು ಪೊಟ್ಟಣ ಮೂಸುತ್ತಿದ್ದಳು.

ಭಟ್ಕಳದ ಮಲ್ಲಿಗೆಯನ್ನು ಮೊಗ್ಗಿರುವಾಗಲೇ ಒತ್ತೊತ್ತಾಗಿ ಕಟ್ಟುತ್ತಾರೆ. ಭಟ್ಕಳ ಬಿಡುವಾಗ ಅದಕ್ಕೆ ಅಂಥ ವಾಸನೆಯೇನೂ ಇಲ್ಲ. ಹೊನ್ನಾವರದಲ್ಲಿ ಶರಾವತಿ ಸೇತುವೆ ಹತ್ತುವ ಹೊತ್ತಿಗೆ ಅದು ಮೆಲ್ಲಗೆ ಬಾಯಿ ಬಿಡುತ್ತಿತ್ತು. ಸೇತುವೆಯ ಮೇಲೆ ಗಾಳಿ ಒಳಗೆ ನುಗ್ಗಿದ್ದೇ ತಡ, ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದವರೂ ತಲೆಯೆತ್ತಿ, "ಯಾರ್ ಮನೆ ಹೂ ಮಾರಾಯ್ರೇ ಇದು?" ಎಂದು ಕೇಳುತ್ತಿದ್ದರು. "ನಮ್ಮನೇದು" ಎನ್ನುವಾಗ ನನ್ನ ಎದೆ ಸ್ವಲ್ಪ ಉಬ್ಬುತ್ತಿತ್ತು. ಈಗಲೂ ಆ ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗುವಾಗ ನಾನು ತಿಳಿಯದೇ ಉಸಿರೆಳೆದುಕೊಳ್ಳುತ್ತೇನೆ. ಬರೀ ಹೊಳೆಯ ವಾಸನೆ ಬರುತ್ತದೆ.

ಬಾಳೆನಾರು ಮಾಡುವುದು ಮೇಲಿಂದ ನೋಡಿದರೆ ಸುಲಭದ ಕೆಲಸ. ಗೊನೆ ಕಡಿದಾದ ಮೇಲೆ ಆ ಬಾಳೆಯಿಂದ ನಮಗೆ ಆಗಬೇಕಾದ್ದು ಇಲ್ಲ. ಅದನ್ನು ಉರುಳಿಸಿ ದಿಂಡಿನ ಸುತ್ತಲಿನ ಪಟ್ಟೆ ಬಿಡಿಸಬೇಕು. ಹೊರಗಿನ ಎರಡು ಪಟ್ಟೆ ಒರಟು, ಬೇಡ. ತೀರ ಒಳಗಿನದು ಎಳಸು, ಅದೂ ಬೇಡ. ನಡುವಿನ ಪಟ್ಟೆಗಳನ್ನು ಉದ್ದುದ್ದ ಸೀಳಿ, ಮಾಡಿನ ಕೆಳಗೆ ಹಗ್ಗ ಕಟ್ಟಿ, ಗಾಳಿಯಾಡುವ ನೆರಳಿನಲ್ಲಿ ಇಳಿಬಿಡಬೇಕು. ಬಿಸಿಲಿಗೆ ಹಾಕಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಒಣಗಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಚೂಪು ಮಾಡಿದ ಬಿದಿರಿನ ಚಕ್ಕೆಯಿಂದ ಎಳೆಎಳೆಯಾಗಿ ಸೀಳಬೇಕು. ಎಷ್ಟು ತೆಳುವಾಗಿ ಸೀಳುತ್ತೀರಿ ಎಂಬುದರಲ್ಲಿ ನಿಮ್ಮ ಕೈ ತಿಳಿಯುತ್ತದೆ. ದಪ್ಪವಾದರೆ ಗಂಟು ಬಿಗಿಯುವಾಗ ಮೊಗ್ಗಿನ ಕುತ್ತಿಗೆಯನ್ನೇ ಕೊಯ್ದುಬಿಡುತ್ತದೆ. ತೆಳುವಾದರೆ ತುಂಡಾಗುತ್ತದೆ. ಕಟ್ಟುವ ಮೊದಲು ಒಂದು ಚಾ ಕುಡಿಯುವಷ್ಟು ಹೊತ್ತು ನೀರಿನಲ್ಲಿಟ್ಟರೆ ರೇಷ್ಮೆಯ ಹಾಗೆ ಬಾಗುತ್ತದೆ. ಇದೆಲ್ಲ ಹೆಂಡತಿ ನನಗೆ ಕಲಿಸಿದ್ದಲ್ಲ. ಅವಳು ಮಾಡುತ್ತಿರುವಾಗ ನಾನು ಪಕ್ಕದಲ್ಲಿ ಕೂತು ಚಾ ಕುಡಿಯುತ್ತಿದ್ದೆ, ಅಷ್ಟೇ.

ಆ ಇಬ್ಬರೂ ವರ್ಷಕ್ಕೆ ಮೂರೋ ನಾಲ್ಕೋ ಸಲ ಮುಖ ನೋಡುತ್ತಿದ್ದರು. ಫೋನಿನಲ್ಲಿ ಮಾತಾಡುವುದೂ ಅಷ್ಟಕ್ಕಷ್ಟೇ. ಅವರ ಮಾತುಕತೆ ನನ್ನ ಸೀಟಿನ ಕೆಳಗೆ ನಡೆಯುತ್ತಿತ್ತು. ನಾರಿನ ಸುರುಳಿ ದೊಡ್ಡದಿದ್ದರೆ ಮನೆಯಲ್ಲಿ ಎಲ್ಲ ಸುಖ ಎಂದು ಅಕ್ಕ ತಿಳಿಯುತ್ತಿದ್ದಳು. ಮಾಲೆಯ ಕೊನೆಗೆ ಮರುಗದ ಎಸಳು ಸೇರಿಸಿದ್ದರೆ, ಈ ವಾರ ನಿನ್ನ ನೆನಪು ಜಾಸ್ತಿಯಾಯಿತು ಎಂದು ಹೆಂಡತಿ ಓದಿಕೊಳ್ಳುತ್ತಿದ್ದಳು. ನನಗೆ ಇಬ್ಬರೂ ಏನೂ ಹೇಳುತ್ತಿರಲಿಲ್ಲ. ನಾನು ಬರೀ ಕಂಡಕ್ಟರ್.

ಒಂದು ಮದುವೆಯಲ್ಲಿ ಎಲ್ಲ ಕೆಟ್ಟಿತು. ಹೊನ್ನಾವರದಲ್ಲಿ ನೆಂಟರ ಮದುವೆ, ಹೆಂಗಸರೆಲ್ಲ ಒಂದು ಕಡೆ ಕೂತಿದ್ದರು. ಆ ಸಲದ ನಾರು ನಿಜಕ್ಕೂ ಸ್ವಲ್ಪ ಒರಟಿತ್ತಂತೆ. ಅಕ್ಕ ಬಾಯಿಬಡಕಿ, ತಮಾಷೆಗೆ ಎಲ್ಲರೆದುರು, "ನಮ್ಮ ನಾದ್ನಿ ಈ ಸಲ ಕಳ್ಸದ್ದು ನಾರಲ್ಲ ಕಾಣಿ, ಹಗ್ಗ. ಹೂ ಕಟ್ಟಿ ಉಳ್ದದ್ರಲ್ಲಿ ಎಮ್ಮೆನೂ ಕಟ್ಲಕ್ಕು" ಎಂದಳು. ಎಲ್ಲರೂ ನಕ್ಕರು. ನನ್ನ ಹೆಂಡತಿಯೂ ನಕ್ಕಳು. ಮನೆಗೆ ಬಂದು ಕಾಲು ತೊಳೆಯುತ್ತಾ, "ಎಮ್ಮೆ ಕಟ್ತಾರಂತೆ" ಎಂದಳು. ಅಷ್ಟೇ.

ಮುಂದಿನ ವಾರ ರಸ್ತೆಬದಿಯಲ್ಲಿ ಅವಳ ಕೈ ಖಾಲಿ ಇತ್ತು. "ನಾರು?" ಎಂದೆ. "ಬಾಳೆ ಇಲ್ಲ" ಎಂದಳು. ಹಿತ್ತಲಲ್ಲಿ ಉರುಳಿಸಿದ ಬಾಳೆ ಕಣ್ಣೆದುರಿಗೇ ಬಿದ್ದಿತ್ತು.

ಅಕ್ಕ ಎರಡು ದಿನ ನೋಡಿದಳು. ಮೂರನೇ ದಿನ ಹೂ ಬಂತು. ಹೆಂಡತಿ ಪೊಟ್ಟಣ ಬಿಚ್ಚಿದಳು. ಅಕ್ಕ ಮಲ್ಲಿಗೆಯನ್ನು ಹೊಲಿಗೆ ಮಿಷನ್ನಿನ ಬಿಳಿ ದಾರದಲ್ಲಿ ಕಟ್ಟಿದ್ದಳು. ಅವಳು ದಾರದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, "ಓಹೋ. ದಾರ" ಎಂದಳು. ಆ ಹೂವನ್ನು ಮುಡಿಯಲಿಲ್ಲ, ಬಿಸಾಡಲೂ ಇಲ್ಲ. ದೇವರ ಫೋಟೋಕ್ಕೆ ಹಾಕಿದಳು. ಅಲ್ಲಿಗೆ ಎರಡು ಕಡೆಯ ಸಾಗಾಟವೂ ನಿಂತಿತು. ಬೆಳಿಗ್ಗೆ ಹೆಂಡತಿ, "ಅತ್ಗೆ ಎಂತಾರೂ ಹೇಳಿದ್ರಾ?" ಎಂದು ಕೇಳುವಳು. ಭಟ್ಕಳದಲ್ಲಿ ಅಕ್ಕ, "ನಾದ್ನಿ ಎಂತಾರೂ ಹೇಳಿದ್ಲನಾ?" ಎಂದು ಕೇಳುವಳು. ಇಬ್ಬರಿಗೂ ನಾನು "ಎಂತೂ ಇಲ್ಲ" ಎನ್ನುವುದು. ಒಂದು ಸಣ್ಣ ಸುಳ್ಳು ಹೇಳಿದ್ದರೂ ಆಗುತ್ತಿತ್ತು. ಹೊಳೆಯಲಿಲ್ಲ.

ಮೂರು ವಾರ ಹೀಗೇ ಹೋಯಿತು. ಅಷ್ಟರಲ್ಲಿ ಹೆಂಡತಿಗೆ ಜ್ವರ ಬಂತು. ಮಳೆಗಾಲದ ಮುಂಚಿನ ಜ್ವರ, ಊರಲ್ಲಿ ಎಲ್ಲರಿಗೂ ಇತ್ತು, ನಾವು ಲೆಕ್ಕಕ್ಕೆ ಹಿಡಿಯಲಿಲ್ಲ. ಜ್ವರದಲ್ಲೇ ಅವಳು ಹಿಂದಿನ ಜಗಲಿಯಲ್ಲಿ ಕೂತು ಏನೋ ಮಾಡುತ್ತಿರುವುದನ್ನು ಮಗಳು ನೋಡಿದ್ದಳಂತೆ. ಆಗ ಮಗಳು ಹೈಸ್ಕೂಲು. ನಾಲ್ಕನೇ ದಿನ ಬೆಳಿಗ್ಗೆ ಬಸ್ಸು ಹಳದೀಪುರಕ್ಕೆ ಬಂದಾಗ ಅವಳು ತಲೆಗೆ ಶಾಲು ಸುತ್ತಿಕೊಂಡು ರಸ್ತೆಬದಿಯಲ್ಲಿ ನಿಂತಿದ್ದಳು. ಕೈಯಲ್ಲಿ ಒಣ ಬಾಳೆಲೆ ಸುತ್ತಿ ಕೆಂಪು ಬಟ್ಟೆಯ ಚೂರಿನಿಂದ ಕಟ್ಟಿದ ಸುರುಳಿ.

"ಹೋಯ್, ಇದು ಅತ್ಗೆ ಕೈಗೇ ಕೊಡಿ" ಎಂದಳು. "ಹೂವಿನಂಗ್ಡಿಯಲ್ಲಿ ಇಟ್ಟು ಬರೂದಲ್ಲ. ಕೈಗೆ."

"ಜ್ವರದಲ್ಲಿ ನೀ ಎಂತಕ್ಕೆ ಬಂದೆ? ಒಳಗೆ ಹೋಗಿ ಮಲ್ಕ."

"ಆತು ಆತು. ಕೈಗೇ ಕೊಡಿ."

ಬೇರೆ ದಿನವಾಗಿದ್ದರೆ ಸುರುಳಿಯನ್ನು ಸೀಟಿನ ಕೆಳಗೆ ತಳ್ಳುತ್ತಿದ್ದೆ, ಭಟ್ಕಳದಲ್ಲಿ ಇಳಿಯುವಾಗ ಕಾಲಿಗೆ ತಾಗುತ್ತಿತ್ತು. ಅವಳು ಅಷ್ಟು ಒತ್ತಿ ಹೇಳಿದಳಲ್ಲ, ಹಾಗಾಗಿ ನನ್ನ ತಗಡಿನ ಪೆಟ್ಟಿಗೆಯ ತಳದಲ್ಲಿ, ಹಾಸಿದ ಪೇಪರಿನ ಅಡಿಗೆ ಜೋಪಾನವಾಗಿ ಇಟ್ಟೆ. ಜೋಪಾನ ಮಾಡಿದ್ದೇ ತಪ್ಪಾಯಿತು. ಅವತ್ತು ರಸ್ತೆ ಕೆಲಸದಿಂದಾಗಿ ಬಸ್ಸು ಒಂದು ತಾಸು ತಡ. ಭಟ್ಕಳ ಮುಟ್ಟಿದ್ದೇ ತಿರುಗಿಸಿಕೊಂಡು ಹೊರಡಬೇಕಾಯಿತು. ಅಕ್ಕ ಸಿಟ್ಟಿನಲ್ಲಿದ್ದಳು, ಆ ವಾರದಿಂದ ಬಸ್ ಹತ್ತಿರ ಬರುವುದನ್ನೂ ಬಿಟ್ಟಿದ್ದಳು. ಕೈಗೇ ಕೊಡಬೇಕೆಂದರೆ ಮನೆಗೆ ಹೋಗಬೇಕು. ನಾಳೆ ಕೊಟ್ಟರಾಯಿತು ಎಂದುಕೊಂಡೆ. ಹೊನ್ನಾವರಕ್ಕೆ ಬಂದಾಗ ಫೋನು ಬಂತು. ಹೆಂಡತಿ ಬಾವಿಕಟ್ಟೆಯ ಹತ್ತಿರ ಕುಸಿದು ಬಿದ್ದಿದ್ದಳು. ಪಕ್ಕದ ಮನೆಯವರು ಹೊನ್ನಾವರದ ಆಸ್ಪತ್ರೆಗೇ ತಂದಿದ್ದರು. ನಾನು ಅಲ್ಲೇ ಇಳಿದು ಓಡಿದೆ.

ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದಳು. ಹೆಚ್ಚು ಹೊತ್ತು ಮಂಪರು. ಎರಡು ಸಲ ಕಣ್ಣು ಬಿಟ್ಟು ನನ್ನನ್ನು ನೋಡಿ, "ಹೂ ಬಂತಾ?" ಎಂದಳು.

ನಾನು ಜ್ವರದ ಬಡಬಡಿಕೆ ಎಂದುಕೊಂಡೆ. "ಈಗೆಂತ ಹೂ ಮಾರಾಯ್ತಿ, ಸುಮ್ನೆ ಮಲ್ಕ" ಎಂದೆ.

ಅವಳು ಮಲಗಿದಳು.

ಆಸ್ಪತ್ರೆಯ ಸುದ್ದಿ ಮುಟ್ಟಿದ್ದರೂ ಅಕ್ಕ ಬಂದದ್ದು ಎಲ್ಲ ಮುಗಿದ ಮೇಲೆ. ಮಡಿಲಲ್ಲಿ ಮಲ್ಲಿಗೆ ತುಂಬಿಕೊಂಡು ಬಂದಿದ್ದಳು, ಬಿಡಿ ಮೊಗ್ಗು. ಕಟ್ಟಿರಲಿಲ್ಲ. ಅದನ್ನು ಹಾಗೇ ಅವಳ ಮೇಲೆ ಸುರಿದು, "ಸಿಟ್ಟಲ್ಲೇ ಹೋದ್ಯಲ್ಲೇ. ಒಂದೆಳೆ ನಾರು ಕಳಿಸಿದ್ರೆ ನಾ ಓಡಿ ಬರ್ತಿದ್ನಲ್ಲೇ" ಎಂದು ಅತ್ತಳು. ನಾನು ಪಕ್ಕದಲ್ಲೇ ನಿಂತಿದ್ದೆ. ಆ ಗಳಿಗೆಯಲ್ಲೂ ನನಗೆ ಸುರುಳಿಯ ನೆನಪಾಗಲಿಲ್ಲ. ಹೇಗೆ ಆಗಲಿಲ್ಲ ಎಂದು ಕೇಳಬೇಡಿ. ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ರಜೆ ಮುಗಿಸಿ ಕೆಲಸಕ್ಕೆ ಹೋಗುವಷ್ಟರಲ್ಲಿ ನಮ್ಮ ರೂಟಿಗೆ ಟಿಕೆಟ್ ಮಷೀನು ಬಂದಿತ್ತು. ನಾನು ಹೊನ್ನಾವರದಲ್ಲಿ ಬಿಟ್ಟು ಓಡಿದ್ದ ತಗಡಿನ ಪೆಟ್ಟಿಗೆಯನ್ನು ಡ್ರೈವರ್ರು ಒಂದು ದಿನ ಮನೆಗೆ ತಂದುಕೊಟ್ಟರು. ಇನ್ನು ಇದು ಯಾತಕ್ಕೆ ಎಂದು ತೆರೆದೂ ನೋಡದೆ ಅಟ್ಟಕ್ಕೆ ಹಾಕಿದೆ.

ಮಗಳು ಫೋನು ಮಾಡಿದಾಗ ನನಗೆ ಬಂದ ಯೋಚನೆ ಇಷ್ಟೇ. ಅಕ್ಕನನ್ನು ಕೇಳುವ ಮೊದಲು ನಾರು ಬೇಕು. ಬರಿಗೈಯಲ್ಲಿ ಹೋಗಿ ಹೂ ಕಟ್ಟಿಕೊಡು ಎನ್ನುವುದು ಹೇಗೆ? ಹೆಂಡತಿ ನೆಟ್ಟ ಬಾಳೆಯ ಮರಿಯ ಮರಿಗಳು ಹಿತ್ತಲಲ್ಲಿ ಇದ್ದೇ ಇದ್ದವು. ಒಂದು ಗೊನೆ ಕಡಿದು ಬಾಳೆ ಉರುಳಿಸಿದೆ, ಪಟ್ಟೆ ಬಿಡಿಸಿದೆ, ನೆರಳಿಗೆ ಹಾಕಿದೆ. ಸೀಳಲು ಕೂತಾಗ ಅಡುಗೆಮನೆಯ ಚೂರಿ ಸರಿಹೋಗಲಿಲ್ಲ. ಅವಳ ಬಿದಿರಿನ ಚಕ್ಕೆ ಎಲ್ಲಾದರೂ ಇದ್ದೀತೆಂದು ಅಟ್ಟ ಹತ್ತಿದೆ. ಚಕ್ಕೆ ಸಿಗಲಿಲ್ಲ. ತಗಡಿನ ಪೆಟ್ಟಿಗೆ ಸಿಕ್ಕಿತು. ಅದರೊಳಗೆ ಚಕ್ಕೆ ಇರಲು ಕಾರಣವೇ ಇಲ್ಲ. ಸುಮ್ಮನೆ ತೆರೆದೆ. ಪೇಪರು ಎತ್ತಿದೆ.

ಕೆಂಪು ಬಟ್ಟೆಯ ಚೂರು ಬಣ್ಣ ಬಿಟ್ಟಿರಲಿಲ್ಲ. ಸುತ್ತಿದ ಎಲೆ ಮುಟ್ಟಿದರೆ ಪುಡಿಯಾಯಿತು. ಒಳಗಿನ ನಾರು ಹಾಗೇ ಇತ್ತು. ಜೇನಿನ ಬಣ್ಣ, ಕೂದಲಿನಷ್ಟು ಸಪೂರ. ಅಷ್ಟು ತೆಳ್ಳಗೆ ಅವಳು ಯಾವತ್ತೂ ಸೀಳಿರಲಿಲ್ಲ. ಜ್ವರದಲ್ಲಿ, ಮೂರು ದಿನ. ಎಮ್ಮೆ ಕಟ್ಟುವ ಮಾತಿಗೆ ಅವಳ ಉತ್ತರ ಅದು. ಸಿಟ್ಟಿನ ಉತ್ತರವಲ್ಲ. ಅದನ್ನು ಕಳಿಸಿ, ಅಕ್ಕನ ಹೂವಿಗೆ ಕಾದಿದ್ದಳು. ಆಸ್ಪತ್ರೆಯ ಮಂಚದ ಮೇಲೂ ಕಾದಿದ್ದಳು. ಹೂ ಬಂತಾ ಎಂದು ಅವಳು ಕೇಳಿದ್ದು ಜ್ವರದ ಬಡಬಡಿಕೆಯಾಗಿರಲಿಲ್ಲ.

ಅಟ್ಟದ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ. ಕೆಳಗೆ ಹಾಲು ಉಕ್ಕಿ ಒಲೆ ಆರಿತ್ತು.

ಮರುದಿನ ಭಟ್ಕಳದ ಬಸ್ಸು ಹತ್ತಿದೆ. ಕೈಚೀಲದಲ್ಲಿ ಎರಡು ಸುರುಳಿ, ಅವಳದೊಂದು, ನಾನು ಚೂರಿಯಲ್ಲೇ ಸೀಳಿದ್ದೊಂದು. ಟಿಕೆಟ್ ತೆಗೆದುಕೊಂಡು ಕಿಟಕಿ ಪಕ್ಕ ಕೂತೆ. ಹೇಳದೇ ಇದ್ದರೆ ಏನಾಗುತ್ತದೆ ಎಂದು ಹೊನ್ನಾವರದ ತನಕ ಯೋಚಿಸಿದೆ. ನನ್ನ ನಾರನ್ನು ಕೊಟ್ಟು, ಮಗಳು ಕೇಳಿದಳು ಎಂದರೆ ಅಕ್ಕ ಕಟ್ಟಿಯೂ ಕಟ್ಟಬಹುದು. ಆದರೆ ನಾದಿನಿ ಸಿಟ್ಟಿನಲ್ಲೇ ಹೋದಳೆಂದು ಹತ್ತು ವರ್ಷ ಕೊರಗಿದವಳು ಇನ್ನಷ್ಟು ವರ್ಷ ಕೊರಗಬೇಕಾಗುತ್ತದೆ. ಹೇಳಿದರೆ ಅವಳಿಗೆ ನನ್ನ ಮುಖ ನೋಡುವ ಮನಸ್ಸೂ ಉಳಿಯದೇ ಹೋಗಬಹುದು. ನನಗಿರುವುದು ಒಬ್ಬಳೇ ಅಕ್ಕ. ಸೇತುವೆ ದಾಟುವಾಗ ಹೊಳೆ ನೋಡುತ್ತಾ ಕೂತೆ.

ಅಕ್ಕನ ಮನೆಯ ಕಾಂಪೌಂಡಿಗೆ ತಾಗಿ ನವಾಯತರ ಮನೆ. ಅಲ್ಲಿಯ ಬೀಬಿ ಗೋಡೆಯ ಮೇಲೆ ಚಾಪೆ ಒಣಗಿಸುತ್ತಿದ್ದವರು ನನ್ನನ್ನು ನೋಡಿ, "ಅರೆ, ಕಂಡಕ್ಟರ್ ಭಾಯ್! ಇವತ್ತು ಬಸ್ಸಿಲ್ದೆ ಬಂದ್ರಿ? ನಿಮ್ಮ ಅಕ್ಕಂಗೆ ಬುದ್ಧಿ ಹೇಳಿ. ಇಷ್ಟು ಮಲ್ಲಿಗೆ ಇಟ್ಕೊಂಡು ನಮ್ಗೆ ಮದ್ವೆಗೆ ಒಂದು ಮಾಲೆ ಕಟ್ಟಿ ಕೊಡೂದಿಲ್ಲ. ಬಿಡಿ ಮೊಗ್ಗು ಕೊಡ್ತಾರೆ, ನಾವೆಂತ ಬಿರಿಯಾನಿಗೆ ಹಾಕೂದಾ?" ಎಂದರು.

ಒಳಗಿನಿಂದ ಅಕ್ಕ, "ಹಾಕಿ ಕಾಣಿ, ರುಚಿ ಆದ್ರೂ ಆದೀತು" ಎಂದು ಕೂಗಿದಳು. ಹೊರಗೆ ಬಂದು ನನ್ನನ್ನು ನೋಡಿ, "ಎಂತಾ ತಮಾ? ಹೇಳದೆ ಕೇಳದೆ? ಹುಡ್ಗಿ ಹುಷಾರಿದ್ದಾಳೆ ಅಲ್ದಾ?" ಎಂದಳು.

"ಹುಷಾರು. ಬರೂ ಗುರುವಾರ ಹೂ ಮುಡ್ಸೂದು."

"ಗೊತ್ತುಂಟು, ಫೋನ್ ಮಾಡಿದ್ಲು. ನಾ ಆಗೂದಿಲ್ಲ ಅಂದೆ. ಕಟ್ಟೂಕೆ ಮರ್ತ್ಹೋಗ್ಯದೆ ನಂಗೆ."

ನಾನು ಚೀಲದಿಂದ ಹೆಂಡತಿಯ ಸುರುಳಿ ತೆಗೆದು ಅವಳ ಕೈಗೆ ಕೊಟ್ಟೆ. ಕೈಗೇ. ಅವಳು ಕೆಂಪು ಬಟ್ಟೆಯ ಗಂಟು ನೋಡಿದಳು. ನಾನು ಮೊದಲೇ ಹೇಳಿದೆನಲ್ಲ, ನಮ್ಮಲ್ಲಿ ಗಂಟು ನೋಡಿದರೆ ಸಾಕು.

"ಇದೆಲ್ಲಿತ್ತು?" ಎಂದಳು.

ಹೇಳಿದೆ. ಜ್ವರ, ಜಗಲಿ, ಶಾಲು ಸುತ್ತಿಕೊಂಡು ನಿಂತದ್ದು, ಕೈಗೇ ಕೊಡಿ ಎಂದದ್ದು, ತಗಡಿನ ಪೆಟ್ಟಿಗೆ, ನಾಳೆ ಕೊಟ್ಟರಾಯಿತು ಎಂದುಕೊಂಡದ್ದು. ಆಸ್ಪತ್ರೆಯಲ್ಲಿ ಅವಳು ಎರಡು ಸಲ ಕೇಳಿದ್ದನ್ನೂ ಹೇಳಿದೆ. ನಾನು ಕೊಟ್ಟ ಉತ್ತರವನ್ನೂ ಹೇಳಿದೆ. ಅಕ್ಕ ಒಂದೆಳೆ ನಾರು ಎಳೆದು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಎಷ್ಟು ವರ್ಷ ಕಂಡಕ್ಟರ್ ಆಗಿದ್ದೆ ನೀ?"

"ಮೂವತ್ತೊಂದು."

"ಊರ್ನೋರ್ದೆಲ್ಲ ತಲ್ಪಿಸ್ದೆ. ನಂದೊಂದು ಕಟ್ಟು ಕೊಡೂಕೆ ಬರ್ಲಿಲ್ಲ ನಿಂಗೆ."

ಅಷ್ಟು ಹೇಳಿ ಒಳಗೆ ಹೋದಳು. ಕೋಣೆಯ ಬಾಗಿಲು ಹಾಕಿಕೊಂಡ ಸದ್ದಾಯಿತು. ನಾನು ಜಗಲಿಯ ಮೇಲೆ ಕೂತೆ. ಬೀಬಿ ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿರಬೇಕು. ಸದ್ದಿಲ್ಲದೆ ಒಂದು ಲೋಟ ಚಾ ತಂದು ಗೋಡೆಯ ಮೇಲಿಟ್ಟು ಹೋದರು. ಚಾ ಕುಡಿದೆ. ಒಂದು ತಾಸು ಕಾದೆ. ಬಾಗಿಲು ತೆರೆಯಲಿಲ್ಲ. ನನ್ನ ಸುರುಳಿಯನ್ನೂ ಜಗಲಿಯ ಮೇಲಿಟ್ಟು, "ಬರ್ತೆ ಅಕ್ಕಾ" ಎಂದು ಬಾಗಿಲಿಗೆ ಹೇಳಿ ಬಂದೆ.

ಅಲ್ಲಿಂದ ಗುರುವಾರದ ತನಕ ಫೋನು ಬರಲಿಲ್ಲ. ನಾನು ಮಾಡಲಿಲ್ಲ, ಮಾಡುವ ಧೈರ್ಯವಿರಲಿಲ್ಲ. ಬುಧವಾರ ಮಗಳು ಬಂದಳು. ಬಂದವಳೇ, "ಅತ್ತೆ ಹೂ ಕಟ್ತೆ ಅಂದ್ರಾ?" ಎಂದಳು. "ಕಾಣ್ವಾ" ಎಂದೆ. ಅವಳಿಗೆ ತಿಳಿಯದ ಹಾಗೆ ಪೇಟೆಯ ಅಂಗಡಿಯಲ್ಲಿ ನಾಲ್ಕು ಮೊಳಕ್ಕೆ ಹೇಳಿಟ್ಟೆ.

ಗುರುವಾರ ಬೆಳಗಿನಿಂದ ಮನೆ ತುಂಬ ಹೆಂಗಸರು. ಮಗಳ ಜಡೆ ಹೆಣೆದು ಕೂರಿಸಿದ್ದರು. ಮಧ್ಯಾಹ್ನದ ಬಸ್ಸಿನ ಹೊತ್ತಿಗೆ ನಾನು ರಸ್ತೆಗೆ ಹೋದೆ. ರಸ್ತೆ ಅಗಲ ಮಾಡುವಾಗ ನಮ್ಮ ಹಳೇ ಸ್ಟಾಪು ಹೋಯಿತು. ಈಗ ಬಸ್ಸು ಸ್ವಲ್ಪ ಆಚೆ ನಿಲ್ಲುತ್ತದೆ, ನೆರಳಿಲ್ಲ. ಮೂವತ್ತೊಂದು ವರ್ಷ ಅದೇ ಬಸ್ಸಿನೊಳಗೆ ಇದ್ದವನಿಗೆ ಹೊರಗೆ ನಿಂತು ಕಾಯುವುದು ಹೇಗಿರುತ್ತದೆ ಎಂದು ಅವತ್ತು ತಿಳಿಯಿತು. ದೂರದಲ್ಲಿ ಬಸ್ಸಿನ ಮುಖ ಕಂಡರೆ ಕಾಲು ತಾನಾಗಿಯೇ ಮುಂದೆ ಹೋಗುತ್ತದೆ. ನನ್ನ ಹೆಂಡತಿ ದಿನಾ ಹೀಗೇ ನಿಲ್ಲುತ್ತಿದ್ದಳು. ನನಗಾಗಿ ನಿಲ್ಲುತ್ತಾಳೆ ಎಂದು ಸುಮಾರು ವರ್ಷ ತಿಳಿದಿದ್ದೆ. ನನಗೂ ಅಕ್ಕನಿಗೂ, ಇಬ್ಬರಿಗಾಗಿಯೂ ಇರಬಹುದು.

ಬಸ್ಸು ನಿಂತಿತು. ಮುಂದಿನ ಬಾಗಿಲಿಗೆ ಹೋಗಿ ಕಂಡಕ್ಟರನ್ನು, "ಭಟ್ಕಳದಿಂದ ಒಂದು ಬಾಳೆಲೆ ಪೊಟ್ಣ ಕೊಟ್ಟಿದ್ರಾ?" ಎಂದು ಕೇಳಿದೆ.

"ಪೊಟ್ಣನಾ? ಇಲ್ಲಪ್ಪ. ಯಾರೂ ಎಂತೂ ಕೊಡ್ಲಿಲ್ಲ" ಎಂದ.

ಆತು ಎಂದುಕೊಂಡೆ. ಪೇಟೆಯ ಹೂ ತರಬೇಕು, ಮಗಳಿಗೆ ಏನಾದರೊಂದು ಹೇಳಬೇಕು. ತಿರುಗಿದೆ.

"ಪೊಟ್ಣ ಕೊಟ್ಟು ಕಳ್ಸೂಕೆ ನಂಗೆಂತ ಮಂಡೆ ಸಮ ಇಲ್ವಾ?" ಹಿಂದಿನ ಬಾಗಿಲಿನಿಂದ ಧ್ವನಿ ಬಂತು. "ಕಂಡಕ್ಟರ್ ಜಾತಿನೇ ನಂಬೂದು ಬಿಟ್ಟೆ ನಾ."

ಅಕ್ಕ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಲ್ಲಿ ಬಾಳೆಲೆಯ ದೊಡ್ಡ ಪೊಟ್ಟಣವನ್ನು ಎದೆಗವಚಿಕೊಂಡು ಇಳಿಯುತ್ತಿದ್ದಳು. ನಾನು ಪೊಟ್ಟಣ ಹಿಡಿಯಲು ಕೈ ಚಾಚಿದೆ. ಅವಳು ಕೊಡಲಿಲ್ಲ. "ನೀ ಮುಟ್ಬೇಡ" ಎಂದಳು. ಇಬ್ಬರೂ ನಡೆದೆವು. ಮೊಗ್ಗು ಆಗಲೇ ಬಾಯಿ ಬಿಟ್ಟಿತ್ತು. ಹೊನ್ನಾವರದ ಸೇತುವೆಯ ಮೇಲೆ ಬಸ್ಸಿನವರೆಲ್ಲ ತಲೆಯೆತ್ತಿರಬೇಕು.

ಸ್ವಲ್ಪ ದೂರ ಹೋದ ಮೇಲೆ ಅವಳೇ ಮಾತಾಡಿದಳು. "ಅವ್ಳ ನಾರು ನೀರಲ್ಲಿಟ್ಟೆ. ಹತ್ತು ವರ್ಷದ್ದು, ಎದ್ದು ಬರ್ತದೋ ಇಲ್ವೋ ಅಂದ್ಕಂಡಿದ್ದೆ. ನಿನ್ನೆ ಕೊಯ್ದ ಪಟ್ಟೆ ಹಂಗೆ ಎದ್ದು ಬಂತು. ಎರಡು ಕಡೆ ತುಂಡಾತು, ಅದನ್ನೇ ಗಂಟು ಹಾಕ್ದೆ. ಎಲ್ಲ ಅದ್ರಲ್ಲೇ ಕಟ್ಟಿದ್ದು. ಒಂದೆಳೆ ಉಳೀಲಿಲ್ಲ."

"ನಾ ಮಾಡಿದ ನಾರು?"

"ಅದು ಬೀಬಿ ಮನೆ ಆಡಿಗೆ ಕೊಟ್ಟೆ. ಗಟ್ಟಿ ಉಂಟು, ಕಟ್ಟೂಕೆ ಲಾಯಕ್ ಆಗ್ತದೆ."

ನಾನು ನಗಬೇಕೋ ಬೇಡವೋ ತಿಳಿಯದೆ ಅವಳ ಮುಖ ನೋಡಿದೆ. ಅವಳು ನೋಡಲಿಲ್ಲ. ಅವಳ ಬೆರಳ ತುದಿಗಳಲ್ಲಿ ಬಾಳೆಯ ಕಂದು ಕಲೆ ಹತ್ತಿತ್ತು. ಆ ಕಲೆ ತೊಳೆದರೆ ಹೋಗುವುದಿಲ್ಲ, ಎಂಟು ದಿನವಾದರೂ ಬೇಕು. ನಮ್ಮ ಮನೆಯಲ್ಲಿ ಒಬ್ಬಳ ಬೆರಳಲ್ಲಿ ಅದು ವರ್ಷವಿಡೀ ಇರುತ್ತಿತ್ತು.

ಅಂಗಳಕ್ಕೆ ಕಾಲಿಟ್ಟಿದ್ದೆವಷ್ಟೆ. ಗೇಟಿನ ಸದ್ದು ಕೇಳಿ ಒಳಗಿನಿಂದ ಮಗಳು ಕೂಗಿದಳು.

"ಅಪ್ಪಾ, ಹೂ ಬಂತಾ?"

ಅದೇ ಧ್ವನಿ. ತಾಯಿಯ ಧ್ವನಿ ಮಗಳಿಗೆ ಇಳಿದಿದೆ ಎಂದು ಊರವರೆಲ್ಲ ಹೇಳುತ್ತಿದ್ದರು. ನನಗೆ ಅದು ಕೇಳಿಸಿದ್ದು ಅವತ್ತು. ಮೆಟ್ಟಿಲ ಬುಡದಲ್ಲಿ ಅಕ್ಕ ನಿಂತುಬಿಟ್ಟಳು. ನಾನೂ ನಿಂತೆ. ಉತ್ತರ ಕೊಡಬೇಕಾದವನು ನಾನು.

ಅಕ್ಕ ಪೊಟ್ಟಣವನ್ನು ಇನ್ನಷ್ಟು ಎದೆಗೊತ್ತಿಕೊಂಡಳು. ಬಾಗಿಲ ಕಡೆಗೆ ನೋಡಲಿಲ್ಲ. ಮನೆಯ ಮಗ್ಗುಲಲ್ಲಿ, ಹಿತ್ತಲಿನ ಬಾಳೆಹಿಂಡು ಕಾಣುವ ಕಡೆಗೆ ತಿರುಗಿ, "ಬಂತು ಮಾರಾಯ್ತಿ" ಎಂದಳು. "ಸ್ವಲ್ಪ ತಡ ಆತು."